ನೀರಿನಿಂದ ನೆಲಕ್ಕೆ, ನೆಲದಿಂದ ಅನ್ನಕ್ಕೆ: ಆರ್ಸೆನಿಕ್ ಎಂಬ ಮೌನ ವಿಷ

ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಸಂಸ್ಕಾರ ನಮ್ಮದು. ಅಕ್ಕಿಯಲ್ಲಿ ಕಲ್ಲಿದೆಯೇ, ನುಸಿ ಹಿಡಿದಿದೆಯೇ ಎಂದು ಮರದಲ್ಲಿ ಹಾಕಿ ಕೇರಿ ನೋಡುತ್ತೇವೆ. ಆದರೆ ಆ ಅಕ್ಕಿ ಯಾವ ನೀರು ಕುಡಿದು ಬೆಳೆಯಿತು ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳ ಮುಖಜಭೂಮಿಯಲ್ಲಿ, ಎಂದರೆ ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶಗಳಲ್ಲಿ, ಆ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲದ ಪರಿಸ್ಥಿತಿ ಬಂದಿದೆ. ಅಲ್ಲಿ ಭೂಮಿಯ ಒಡಲಿನಿಂದ ಎತ್ತಿದ ನೀರಿನೊಡನೆ ಆರ್ಸೆನಿಕ್ ಎಂಬ ವಿಷವೂ ಮೇಲಕ್ಕೆ ಬಂದು, ಗದ್ದೆಯ ಮಣ್ಣಿನಲ್ಲಿ ನೆಲೆಸಿ, ಅನ್ನದ ತಟ್ಟೆಯವರೆಗೂ ತಲುಪಿದೆ. ಇದು ಹೇಗೆ ಸಂಭವಿಸಿತು, ಇದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಏನಿದು ಆರ್ಸೆನಿಕ್?

ಆರ್ಸೆನಿಕ್ ಭೂಮಿಯ ಶಿಲೆಗಳಲ್ಲಿ ಸಹಜವಾಗಿಯೇ ಇರುವ ಒಂದು ಮೂಲಧಾತು. ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದ ವಿಷವು ಇದರದೇ ಸಂಯುಕ್ತ. ಆಯುರ್ವೇದದ ಹರಿತಾಳ, ಮನಃಶಿಲೆಗಳೂ ಆರ್ಸೆನಿಕ್ ಮತ್ತು ಗಂಧಕ ಸೇರಿ ಆದ ಖನಿಜಗಳೇ. ಒಮ್ಮೆಲೇ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಅದು ಪ್ರಾಣ ತೆಗೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅತ್ಯಲ್ಪ ಪ್ರಮಾಣದಲ್ಲಿ ಹಲವು ವರ್ಷ ದೇಹವನ್ನು ಸೇರುತ್ತ ಹೋದರೂ ಅದು ಘೋರ ರೋಗಗಳಿಗೆ ದಾರಿ ಮಾಡಿಕೊಡುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ.

ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚಾಗುತ್ತದೆ. ಕುಡಿಯುವ ಒಂದು ಲೀಟರ್ ನೀರಿನಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಮೈಕ್ರೋಗ್ರಾಂ. ಭಾರತದ ಮಾನಕವೂ ಇದೇ 10 ಮೈಕ್ರೋಗ್ರಾಂ. ಬಾಂಗ್ಲಾದೇಶವು 50 ಮೈಕ್ರೋಗ್ರಾಂಗಳ ಹಳೆಯ ಮಿತಿಯನ್ನು ಉಳಿಸಿಕೊಂಡಿದೆ.

ಬಂಗಾಳದ ನೀರಿಗೆ ವಿಷ ಬಂದ ಬಗೆ

ಬಂಗಾಳದ ಮುಖಜಭೂಮಿಯು ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನಿಂದ ಆದುದು. ಆ ಮಣ್ಣಿನ ಕಣಗಳಿಗೆ ಕಬ್ಬಿಣದ ತುಕ್ಕಿನ ಲೇಪವಿದ್ದು, ಆರ್ಸೆನಿಕ್ ಆ ಲೇಪಕ್ಕೆ ಅಂಟಿಕೊಂಡಿರುತ್ತದೆ. ಎಲ್ಲಿಯವರೆಗೆ ಗಾಳಿಯ ಸಂಪರ್ಕವಿರುತ್ತದೆಯೋ ಅಲ್ಲಿಯವರೆಗೆ ಅದು ಹಾಗೆಯೇ ಬಂಧಿತವಾಗಿರುತ್ತದೆ. ಆದರೆ ಮೆಕ್ಕಲಿನೊಡನೆ ಹೂತುಹೋದ ಸಸ್ಯಾವಶೇಷಗಳನ್ನು ಸೂಕ್ಷ್ಮಜೀವಿಗಳು ಕೊಳೆಸುವಾಗ ನೆಲದಾಳದ ಆಮ್ಲಜನಕವೆಲ್ಲ ಮುಗಿದುಹೋಗುತ್ತದೆ. ಆಗ ಆ ಜೀವಿಗಳು ತುಕ್ಕನ್ನೇ ಬಳಸಿಕೊಳ್ಳುತ್ತವೆ. ತುಕ್ಕು ಕರಗುತ್ತದೆ, ಅದಕ್ಕೆ ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗಿ ಅಂತರ್ಜಲವನ್ನು ಸೇರುತ್ತದೆ. ಕಾರ್ಖಾನೆಯ ತ್ಯಾಜ್ಯವಾಗಲಿ ಕೀಟನಾಶಕವಾಗಲಿ ಇದಕ್ಕೆ ಮೂಲವಲ್ಲ. ನೆಲದೊಳಗೆ ಸಹಜವಾಗಿ ನಡೆಯುವ ಕ್ರಿಯೆಯಿದು.

1970ರ ದಶಕದಿಂದ ಈ ಪ್ರದೇಶದಲ್ಲಿ ಕೊಳವೆಬಾವಿಗಳು ಲಕ್ಷಗಟ್ಟಲೆ ಹೆಚ್ಚಿದವು. ಕೆರೆಕಟ್ಟೆಗಳ ನೀರು ಕುಡಿದು ಮಕ್ಕಳು ಅತಿಸಾರಕ್ಕೆ ಬಲಿಯಾಗುತ್ತಿದ್ದ ಕಾಲವದು. ಶುದ್ಧ ನೀರು ಕೊಡಬೇಕೆಂಬ ಸದುದ್ದೇಶದಿಂದಲೇ ಸರ್ಕಾರಗಳೂ ಯುನಿಸೆಫ್‌ನಂತಹ ಸಂಸ್ಥೆಗಳೂ ಕೊಳವೆಬಾವಿಗಳನ್ನು ಪ್ರೋತ್ಸಾಹಿಸಿದವು. ರೋಗಾಣುಗಳಿಂದ ಜನ ಪಾರಾದರು. ಆರ್ಸೆನಿಕ್‌ಗಾಗಿ ನೀರನ್ನು ಪರೀಕ್ಷಿಸಬೇಕೆಂಬ ವಿಚಾರ ಆಗ ಯಾರಿಗೂ ಹೊಳೆದಿರಲಿಲ್ಲ.

1983ರಲ್ಲಿ ಕಲ್ಕತ್ತೆಯ ಚರ್ಮರೋಗ ತಜ್ಞ ಡಾ. ಕೆ. ಸಿ. ಸಾಹಾ ಅವರು ಹಳ್ಳಿಗಳಿಂದ ಬಂದ ರೋಗಿಗಳ ಚರ್ಮದ ಕಲೆಗಳನ್ನು ನೋಡಿ ಇದು ಆರ್ಸೆನಿಕ್ ವಿಷವೆಂದು ಗುರುತಿಸಿದರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಅವರು ಹಲವು ದಶಕಗಳ ಕಾಲ ಊರೂರು ತಿರುಗಿ ನೀರಿನ ಮಾದರಿಗಳನ್ನು ಪರೀಕ್ಷಿಸಿದರು. ಮಾಲ್ಡಾ, ಮುರ್ಷಿದಾಬಾದ್, ನಾಡಿಯಾ, ಉತ್ತರ ಮತ್ತು ದಕ್ಷಿಣ 24 ಪರಗಣ ಜಿಲ್ಲೆಗಳು ತೀವ್ರವಾಗಿ ಬಾಧಿತವಾಗಿರುವುದು ತಿಳಿದುಬಂತು. ಬಾಂಗ್ಲಾದೇಶದಲ್ಲಿ 1993ರಲ್ಲಿ ಮೊದಲು ಇದು ಪತ್ತೆಯಾಯಿತು. 2001ರಲ್ಲಿ ಪ್ರಕಟವಾದ ಅಲ್ಲಿನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 150 ಮೀಟರಿಗಿಂತ ಕಡಿಮೆ ಆಳದ ಕೊಳವೆಬಾವಿಗಳಲ್ಲಿ ಶೇ. 27ರಷ್ಟು 50 ಮೈಕ್ರೋಗ್ರಾಂ ಮಿತಿಯನ್ನೂ, ಶೇ. 46ರಷ್ಟು 10 ಮೈಕ್ರೋಗ್ರಾಂ ಮಿತಿಯನ್ನೂ ಮೀರಿದ್ದವು.

ಬಳಿಕ ಬಾಂಗ್ಲಾದೇಶದಲ್ಲಿ ಸುಮಾರು 50 ಲಕ್ಷ ಕುಡಿಯುವ ನೀರಿನ ಕೊಳವೆಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದವಕ್ಕೆ ಕೆಂಪು ಬಣ್ಣವನ್ನೂ ಇಲ್ಲದವಕ್ಕೆ ಹಸಿರು ಬಣ್ಣವನ್ನೂ ಬಳಿಯಲಾಯಿತು. ಅಕ್ಷರ ಬಾರದವರಿಗೂ ತಿಳಿಯುವ ಒಳ್ಳೆಯ ಉಪಾಯವದು. ಆದರೆ ಗದ್ದೆಗೆ ನೀರೆತ್ತುವ ಬಾವಿಗಳು ಈ ಎಣಿಕೆಯಿಂದ ಹೊರಗುಳಿದವು. ಮನೆಯ ಬಾವಿಗೆ ಕೆಂಪು ಬಣ್ಣ ಬಿದ್ದು ಮನೆಯವರು ಬೇರೆ ನೀರು ತಂದು ಕುಡಿಯತೊಡಗಿದ ಮೇಲೂ, ಹೊಲದಲ್ಲಿ ಅದೇ ಆಳದಿಂದ ಎತ್ತಿದ ನೀರು ಭತ್ತಕ್ಕೆ ಹರಿಯುತ್ತಲೇ ಇತ್ತು.

ಗದ್ದೆಯಲ್ಲಿ ಕೂಡುವ ಲೆಕ್ಕ

ಬಂಗಾಳದಲ್ಲಿ ಬೇಸಿಗೆ ಭತ್ತಕ್ಕೆ ಬೋರೊ ಎಂದು ಹೆಸರು. ಜನವರಿಯ ಸುಮಾರಿಗೆ ನಾಟಿಯಾಗಿ ಮಳೆಗಾಲಕ್ಕೆ ಮುನ್ನ ಕೊಯ್ಲಿಗೆ ಬರುವ ಈ ಬೆಳೆಗೆ ಮಳೆಯ ಆಸರೆ ಅಲ್ಪ. ಹೆಚ್ಚಿನ ನೀರನ್ನು ನೆಲದಿಂದಲೇ ಎತ್ತಬೇಕು. ಬಾಂಗ್ಲಾದೇಶದ ವಾರ್ಷಿಕ ಅಕ್ಕಿ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಬೋರೊ ಬೆಳೆಯಿಂದಲೇ ಬರುತ್ತದೆ. ಹಸಿವನ್ನು ನೀಗಿಸಿದ ಬೆಳೆಯಿದು. ಆದ್ದರಿಂದ ಅದನ್ನು ಒಮ್ಮೆಲೇ ಬಿಡಿ ಎಂದು ರೈತರಿಗೆ ಹೇಳಲಾಗದು.

ಒಂದು ಲೆಕ್ಕವನ್ನು ಗಮನಿಸೋಣ. ಇಂತಹ ಒಂದು ಬೆಳೆಗೆ ಗದ್ದೆಯ ಮೇಲೆ ಒಟ್ಟು ಒಂದು ಮೀಟರ್ ಎತ್ತರ ನಿಲ್ಲುವಷ್ಟು ನೀರು ಹಾಯಿಸಬೇಕಾಗುತ್ತದೆ ಎಂದಿಟ್ಟುಕೊಂಡರೆ, ಒಂದು ಎಕರೆಗೆ ಅದು ಸುಮಾರು 40 ಲಕ್ಷ ಲೀಟರ್. ಆ ನೀರಿನ ಪ್ರತಿ ಲೀಟರಿನಲ್ಲಿ 100 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದರೆ, ಒಂದೇ ಬೆಳೆಯಲ್ಲಿ ಎಕರೆಗೆ ಸುಮಾರು 400 ಗ್ರಾಂ ಆರ್ಸೆನಿಕ್ ಸುರಿದಂತಾಯಿತು. ಎಕರೆಯ ಮೇಲ್ಮಣ್ಣು, ಅಂದರೆ ಅರ್ಧ ಅಡಿ ಆಳದ ಮಣ್ಣು, ಸುಮಾರು 8 ಲಕ್ಷ ಕಿಲೋ ತೂಗುತ್ತದೆ. ಬಂದ ವಿಷವೆಲ್ಲ ಅದರಲ್ಲೇ ಉಳಿದರೆ ಪ್ರತಿ ಕಿಲೋ ಮಣ್ಣಿಗೆ ವರ್ಷಕ್ಕೆ ಅರ್ಧ ಮಿಲಿಗ್ರಾಂ ಸೇರುತ್ತದೆ. ಇದು ಅಲ್ಪವೆನಿಸಬಹುದು. ಆದರೆ ಇಪ್ಪತ್ತು ವರ್ಷಕ್ಕೆ ಅದು 10 ಮಿಲಿಗ್ರಾಂ ಆಗುತ್ತದೆ. ಆ ಪ್ರದೇಶದ ಮಣ್ಣಿನಲ್ಲಿ ಸಹಜವಾಗಿ ಇರುವ ಆರ್ಸೆನಿಕ್ ಸಾಮಾನ್ಯವಾಗಿ ಕಿಲೋಗೆ 10 ಮಿಲಿಗ್ರಾಂಗಿಂತ ಕಡಿಮೆ ಎಂಬುದನ್ನು ನೆನೆದರೆ, ತಂದೆಯ ಕಾಲದ ಗದ್ದೆ ಮಗನ ಕಾಲಕ್ಕೆ ಬೇರೆಯದೇ ಆಗಿರುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಕ್ಷೇತ್ರ ಅಧ್ಯಯನಗಳು ಇದನ್ನೇ ತೋರಿಸಿವೆ. 2003ರಲ್ಲಿ ಪ್ರಕಟವಾದ, ಬಾಂಗ್ಲಾದೇಶದ ಮಣ್ಣನ್ನು ಕುರಿತ ಅಧ್ಯಯನವೊಂದರಲ್ಲಿ ಕೆಲವು ಗದ್ದೆಗಳ ಮಣ್ಣಿನಲ್ಲಿ ಕಿಲೋಗೆ 46 ಮಿಲಿಗ್ರಾಂವರೆಗೂ ಆರ್ಸೆನಿಕ್ ಕಂಡುಬಂದಿತ್ತು. ನೀರಿನಲ್ಲಿ ವಿಷ ಹೆಚ್ಚಿದ್ದು, ಕೊಳವೆಬಾವಿ ಹೆಚ್ಚು ವರ್ಷ ನಡೆದ ಪ್ರದೇಶಗಳಲ್ಲಿಯೇ ಈ ಪ್ರಮಾಣ ಅಧಿಕವಾಗಿತ್ತು.

ವಿಷವು ಇಡೀ ಗದ್ದೆಗೆ ಸಮವಾಗಿ ಹರಡುವುದಿಲ್ಲ. ಬಾವಿಯಿಂದ ಹೊರಬಂದ ನೀರಿಗೆ ಗಾಳಿ ತಾಗಿದೊಡನೆ ಅದರಲ್ಲಿ ಕರಗಿದ್ದ ಕಬ್ಬಿಣವು ಮತ್ತೆ ತುಕ್ಕಾಗಿ ಆರ್ಸೆನಿಕ್ ಅನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ. ಆದುದರಿಂದ ಕಾಲುವೆಯ ಮೊದಲ ಭಾಗದಲ್ಲಿ, ಮಡಿಗೆ ನೀರು ಬೀಳುವ ಬಾಯಿಯ ಬಳಿ ಅದು ಹೆಚ್ಚು ಶೇಖರವಾಗುತ್ತದೆ. ದೂರ ಹೋದಂತೆ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ನೆರೆಯ ನೀರು ಗದ್ದೆಗಳ ಮೇಲೆ ತಿಂಗಳುಗಟ್ಟಲೆ ನಿಂತಾಗ ಮಣ್ಣಿನಲ್ಲಿ ಕೂಡಿದ್ದ ಆರ್ಸೆನಿಕ್‌ನ ಒಂದು ಪಾಲು ಕರಗಿ ಕೊಚ್ಚಿಹೋಗುವುದೂ ಉಂಟು. ಆದರೆ ಎಲ್ಲವೂ ಹೋಗುವುದಿಲ್ಲ. ನೆರೆ ಬಾರದ ಎತ್ತರದ ಗದ್ದೆಗಳಿಗೆ ಆ ಉಪಕಾರವೂ ಇಲ್ಲ.

ಭತ್ತಕ್ಕೇ ಏಕೆ ಹೆಚ್ಚು ಅಪಾಯ?

ಅದೇ ಮಣ್ಣಿನಲ್ಲಿ ಗೋಧಿಯನ್ನೋ ಮೆಕ್ಕೆಜೋಳವನ್ನೋ ಬೆಳೆದರೆ ಕಾಳಿಗೆ ಸೇರುವ ಆರ್ಸೆನಿಕ್ ಬಹಳ ಕಡಿಮೆ. ಭತ್ತದ ಸ್ಥಿತಿ ಬೇರೆಯಾಗಲು ಎರಡು ಕಾರಣಗಳಿವೆ. ಮೊದಲನೆಯದು, ಭತ್ತದ ಗದ್ದೆಯಲ್ಲಿ ನಿಂತ ನೀರು. ಕೆಸರಿನೊಳಗೆ ಗಾಳಿಯಾಡುವುದಿಲ್ಲ. ಭೂಗರ್ಭದಲ್ಲಿ ನಡೆದ ಕ್ರಿಯೆಯೇ ಇಲ್ಲಿ ಬೇರಿನ ಬುಡದಲ್ಲಿ ಮರುಕಳಿಸುತ್ತದೆ. ತುಕ್ಕು ಕರಗಿ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಎರಡನೆಯದು, ಭತ್ತದ ಸ್ವಭಾವ. ಕಾಂಡ ಮತ್ತು ಎಲೆಗಳನ್ನು ಗಟ್ಟಿಗೊಳಿಸಲು ಭತ್ತವು ಮಣ್ಣಿನಿಂದ ಸಿಲಿಕಾನ್ ಅನ್ನು ಹೇರಳವಾಗಿ ಹೀರುತ್ತದೆ. ಕೆಸರಿನಲ್ಲಿರುವ ಆರ್ಸೆನಿಕ್‌ನ ರೂಪವು ಸಿಲಿಕಾನ್‌ನ ರೂಪವನ್ನು ಹೋಲುವುದರಿಂದ, ಸಿಲಿಕಾನ್‌ಗೆ ತೆರೆದ ಬಾಗಿಲಿನಿಂದಲೇ ಅದೂ ಒಳನುಗ್ಗುತ್ತದೆ. ಜಪಾನಿನ ವಿಜ್ಞಾನಿಗಳು 2008ರಲ್ಲಿ ಈ ಮಾರ್ಗವನ್ನು ನಿಖರವಾಗಿ ಗುರುತಿಸಿದರು.

ಮಣ್ಣಿನಲ್ಲಿ ಆರ್ಸೆನಿಕ್ ಮಿತಿಮೀರಿದರೆ ಬೆಳೆಯೇ ಕುಗ್ಗುತ್ತದೆ. ತೆನೆಯಲ್ಲಿ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಭಾರವಿಲ್ಲದ ತೆನೆ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಬಾಂಗ್ಲಾದೇಶದ ಫರೀದ್‌ಪುರದಲ್ಲಿ ಒಂದೇ ಕೊಳವೆಬಾವಿಯ ನೀರುಂಡ ಗದ್ದೆಗಳನ್ನು ಅಧ್ಯಯನ ಮಾಡಿದಾಗ, ಆರ್ಸೆನಿಕ್ ಕಡಿಮೆಯಿದ್ದ ಭಾಗದಲ್ಲಿ ಹೆಕ್ಟೇರಿಗೆ 7ರಿಂದ 9 ಟನ್ ಇದ್ದ ಇಳುವರಿ, ಹೆಚ್ಚಿದ್ದ ಭಾಗದಲ್ಲಿ 2ರಿಂದ 3 ಟನ್ನಿಗೆ ಇಳಿದಿತ್ತು. ಗೊಬ್ಬರ ಸಾಲದೇನೋ, ರೋಗ ಬಂದಿದೆಯೇನೋ ಎಂದು ರೈತ ಭಾವಿಸುವುದು ಸಹಜ. ನೀರೇ ನೆಲವನ್ನು ಕೆಡಿಸುತ್ತಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ.

ಹೀರಿದ ಆರ್ಸೆನಿಕ್‌ನಲ್ಲಿ ಕಾಳಿಗಿಂತ ಹೆಚ್ಚು ಉಳಿಯುವುದು ಹುಲ್ಲಿನಲ್ಲಿ. ಆ ಹುಲ್ಲನ್ನು ದನ ತಿನ್ನುತ್ತದೆ. ಸಗಣಿ ಕುಳ್ಳಾಗಿ ಒಲೆ ಸೇರುತ್ತದೆ. ಇಂತಹ ಊರುಗಳಲ್ಲಿ ಕುಳ್ಳು ಉರಿಯುವ ಹೊಗೆಯ ಮೂಲಕವೂ ಅಡುಗೆಮನೆಯ ತಾಯಂದಿರ ಶ್ವಾಸಕೋಶವನ್ನು ಆರ್ಸೆನಿಕ್ ತಲುಪುತ್ತದೆಂದು ಪಶ್ಚಿಮ ಬಂಗಾಳದ ಅಧ್ಯಯನವೊಂದು ಎಚ್ಚರಿಸಿದೆ.

ದೇಹದ ಮೇಲಾಗುವ ಪರಿಣಾಮ

ಪಾಲಿಶ್ ಮಾಡಿದ ಒಂದು ಕಿಲೋ ಅಕ್ಕಿಯಲ್ಲಿ ಹಾನಿಕರ ರೂಪದ ಆರ್ಸೆನಿಕ್ 0.2 ಮಿಲಿಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಆಹಾರ ಮಾನಕಗಳ ಆಯೋಗವಾದ ಕೋಡೆಕ್ಸ್ 2014ರಲ್ಲಿ ನಿಗದಿಪಡಿಸಿತು. ಆ ಮಿತಿಯಲ್ಲೇ ಇರುವ ಅಕ್ಕಿಯನ್ನು ಒಬ್ಬರು ದಿನಕ್ಕೆ 400 ಗ್ರಾಂ ಉಂಡರೆ, ಬೇಯಿಸುವಾಗ ಏನೂ ಕಳೆಯದಿದ್ದಲ್ಲಿ, 80 ಮೈಕ್ರೋಗ್ರಾಂ ದೇಹಕ್ಕೆ ಸೇರುತ್ತದೆ. ಮಿತಿಯಲ್ಲಿರುವ ನೀರನ್ನು ನಾಲ್ಕು ಲೀಟರ್ ಕುಡಿದರೂ ಬರುವುದು 40 ಮೈಕ್ರೋಗ್ರಾಂ ಮಾತ್ರ. ಮೂರು ಹೊತ್ತೂ ಅನ್ನವನ್ನೇ ಉಣ್ಣುವ ನಾಡಿನಲ್ಲಿ ಕುಡಿಯುವ ನೀರನ್ನು ಶುದ್ಧಗೊಳಿಸಿದರೆ ಸಾಲದು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ಹಿರಿಯರಿಗಿಂತ ಹೆಚ್ಚು ಉಣ್ಣುವುದರಿಂದ ಅವರಿಗೆ ಅಪಾಯವೂ ಹೆಚ್ಚು. 2013ರಲ್ಲಿ ಪ್ರಕಟವಾದ ಪಶ್ಚಿಮ ಬಂಗಾಳದ ಅಧ್ಯಯನವೊಂದರಲ್ಲಿ, ಕಿಲೋಗೆ 0.2 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರುವ ಅನ್ನ ಉಣ್ಣುವವರ ಜೀವಕೋಶಗಳಲ್ಲಿ ಅನುವಂಶಿಕ ಧಾತುವಿಗೆ ಹೆಚ್ಚಿನ ಹಾನಿ ಕಂಡುಬಂದಿತು.

ವರ್ಷಾನುಗಟ್ಟಲೆ ವಿಷಯುಕ್ತ ನೀರು ಕುಡಿದವರ ಎದೆ, ಬೆನ್ನುಗಳ ಮೇಲೆ ಮಳೆಹನಿ ಬಿದ್ದಂತೆ ಕಪ್ಪು, ಬಿಳಿ ಚುಕ್ಕೆಗಳು ಮೂಡುತ್ತವೆ. ಅಂಗೈ ಅಂಗಾಲುಗಳು ದಪ್ಪಗಾಗಿ ಗಂಟುಕಟ್ಟುತ್ತವೆ. ಮುಂದೆ ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶಗಳ ಕ್ಯಾನ್ಸರಿಗೂ ಹೃದ್ರೋಗಕ್ಕೂ ದಾರಿಯಾಗಬಹುದು. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ, ಕುಷ್ಠವೂ ಅಲ್ಲ. ಆದರೂ ಬಂಗಾಳದ ಹಳ್ಳಿಗಳಲ್ಲಿ ಈ ಕಲೆಗಳಿರುವವರನ್ನು ದೂರವಿಟ್ಟದ್ದುಂಟು. ಹೆಣ್ಣುಮಕ್ಕಳ ಮದುವೆಗಳು ನಿಂತದ್ದುಂಟು. ಬಹುಕಾಲದ ಆರ್ಸೆನಿಕ್ ವಿಷವನ್ನು ಪೂರ್ಣವಾಗಿ ಗುಣಪಡಿಸುವ ಔಷಧಿಯಿಲ್ಲ. ಮೂಲವನ್ನು ತಡೆಯುವುದು, ಒಳ್ಳೆಯ ಪೌಷ್ಟಿಕ ಆಹಾರ ಕೊಡುವುದು, ತೊಡಕುಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಮಾಡುವುದು ಇಷ್ಟೇ ಸಾಧ್ಯ.

ಪರಿಹಾರದ ದಾರಿಗಳು

ಒಮ್ಮೆ ಮಣ್ಣು ಸೇರಿದ ಆರ್ಸೆನಿಕ್ ಕೊಳೆತು ನಾಶವಾಗುವ ವಸ್ತುವಲ್ಲ. ಸಾವಿರಾರು ಎಕರೆಯ ಮಣ್ಣನ್ನು ತೊಳೆಯುವುದು ಆಗದ ಮಾತು. ಹಾಗಾಗಿ ಬರುವುದನ್ನು ತಡೆಯುವುದೇ ಮುಖ್ಯ. ನದಿ, ಕೆರೆಗಳ ನೀರು ಸಿಗುವೆಡೆ ಅದನ್ನೇ ಬಳಸುವುದು ಮೊದಲ ದಾರಿ. ಬೇಸಿಗೆಯಲ್ಲಿ ಭತ್ತದ ಬದಲು ಗೋಧಿ, ಮೆಕ್ಕೆಜೋಳ, ಬೇಳೆಕಾಳುಗಳಂತಹ ಕಡಿಮೆ ನೀರಿನ ಬೆಳೆ ತೆಗೆಯುವುದು ಎರಡನೆಯದು. ಭತ್ತವನ್ನೇ ಬೆಳೆಯಬೇಕಾದಲ್ಲಿ ಸದಾ ನೀರು ನಿಲ್ಲಿಸದೆ, ಗದ್ದೆ ಆರಿದ ಮೇಲೆ ಮತ್ತೆ ನೀರು ಕಟ್ಟುವ ಸರದಿ ಪದ್ಧತಿ ಮೂರನೆಯದು. ಇದರಿಂದ ನೀರೂ ಉಳಿಯುತ್ತದೆ, ಕಾಳಿಗೆ ಸೇರುವ ಆರ್ಸೆನಿಕ್ ಕೂಡ ತಗ್ಗುತ್ತದೆ. ಆದರೆ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಧಾತು ಇದ್ದರೆ, ಗದ್ದೆ ಅತಿಯಾಗಿ ಒಣಗಿದಾಗ ಅದು ಕಾಳಿಗೆ ಹೆಚ್ಚು ಸೇರುವುದರಿಂದ, ಮಣ್ಣನ್ನು ಪರೀಕ್ಷಿಸಿಯೇ ಮುಂದುವರಿಯಬೇಕು.

ಅಡುಗೆಮನೆಯಲ್ಲಿಯೂ ಒಂದು ಉಪಾಯವಿದೆ. ಅಕ್ಕಿಯನ್ನು ಚೆನ್ನಾಗಿ ತೊಳೆದು, ಆರು ಪಟ್ಟು ನೀರಿನಲ್ಲಿ ಬೇಯಿಸಿ, ಗಂಜಿ ಬಸಿದರೆ ಆರ್ಸೆನಿಕ್‌ನ ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಹೊರಹೋಗುತ್ತದೆ. ಬಂಗಾಳದ ಹಳೆಯ ಮನೆಗಳ ಕ್ರಮವೂ ಇದೇ, ನಮ್ಮ ಅಜ್ಜಿಯರ ಕ್ರಮವೂ ಇದೇ. ಆದರೆ ಬೇಯಿಸುವ ನೀರು ವಿಷರಹಿತವಾಗಿರಬೇಕು; ಇಲ್ಲವಾದರೆ ಅನ್ನವೇ ಆ ನೀರಿನ ಆರ್ಸೆನಿಕ್ ಅನ್ನು ಹೀರಿಕೊಳ್ಳುತ್ತದೆ. ಬಸಿದ ಗಂಜಿಯೊಡನೆ ಬಿ ಗುಂಪಿನ ಜೀವಸತ್ವಗಳೂ ಹೋಗುವುದರಿಂದ ಸೊಪ್ಪು, ಬೇಳೆಕಾಳುಗಳನ್ನು ಹೆಚ್ಚಾಗಿ ಬಳಸಬೇಕು. ಆರ್ಸೆನಿಕ್ ಇಲ್ಲದ ಕಡೆ ಗಂಜಿ ಚೆಲ್ಲುವ ಅಗತ್ಯವಿಲ್ಲ.

ನಮ್ಮ ನಾಡಿಗೆ ಇದರ ಸಂಬಂಧ

ಬಂಗಾಳದ ಚಿತ್ರವನ್ನು ಹಾಗೆಯೇ ಕರ್ನಾಟಕಕ್ಕೆ ಅನ್ವಯಿಸುವುದು ತಪ್ಪಾದೀತು. ನಮ್ಮದು ಬಹುಪಾಲು ಗಟ್ಟಿಶಿಲೆಯ ನೆಲ. ಮುಖಜಭೂಮಿಯ ಮೆಕ್ಕಲು ಇಲ್ಲಿಲ್ಲ. ನಮ್ಮ ಭತ್ತ ಹೆಚ್ಚಾಗಿ ಬೆಳೆಯುವುದು ಕಾಲುವೆ, ಕೆರೆ ಮತ್ತು ಮಳೆಯ ನೀರಿನಲ್ಲಿ. ಆದ್ದರಿಂದ ಭಕ್ತರು ಅಕ್ಕಿಯನ್ನು ಕಂಡು ಭಯಪಡಬೇಕಾಗಿಲ್ಲ.

ಆದರೂ ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಶಿಲಾಪಟ್ಟಿಗಳಲ್ಲಿ ಎಚ್ಚರ ಬೇಕು. ಅಲ್ಲಿ ಚಿನ್ನದೊಡನೆ ಆರ್ಸೆನಿಕ್ ಇರುವ ಖನಿಜವೂ ಶಿಲೆಯಲ್ಲಿ ಬೆರೆತಿರುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನಿಂದ ಜನರಲ್ಲಿ ಆರ್ಸೆನಿಕ್ ವಿಷದ ಚರ್ಮಲಕ್ಷಣಗಳು ಕಂಡುಬಂದವು. ಬಂಗಾಳದಲ್ಲಿ ದುಡಿದ ದೀಪಂಕರ ಚಕ್ರವರ್ತಿ ಅವರ ತಂಡವೇ ಇಲ್ಲಿಗೂ ಬಂದು ಅಧ್ಯಯನ ನಡೆಸಿತು.

ಈ ಭಾಗದ ರೈತಬಂಧುಗಳಲ್ಲಿ ನಾವು ಕೆಲವು ಮಾತುಗಳನ್ನು ವಿನಂತಿಸುತ್ತೇವೆ. ಹೊಸ ಬೋರು ಕೊರೆಸಿದಾಗ, ಅದು ಮನೆಗಾಗಲಿ ಹೊಲಕ್ಕಾಗಲಿ, ಜಿಲ್ಲಾ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿರಿ. ಆರ್ಸೆನಿಕ್ ಪರೀಕ್ಷೆಯೂ ಆಗಬೇಕೆಂದು ಸ್ಪಷ್ಟವಾಗಿ ಕೇಳಿರಿ. ಒಂದು ಬಾವಿಯ ಫಲಿತಾಂಶವನ್ನು ಪಕ್ಕದ ಬಾವಿಗೆ ಅನ್ವಯಿಸಬೇಡಿರಿ. ನೂರು ಅಡಿ ಅಂತರದಲ್ಲೇ ವ್ಯತ್ಯಾಸವಿರಬಹುದು. ಆರ್ಸೆನಿಕ್ ಇರುವ ಊರಿನಲ್ಲಿ ಶುದ್ಧ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಆ ವಿಷ ಸಾಂದ್ರವಾಗಿರುವುದರಿಂದ, ಅದನ್ನು ಹೊಲಕ್ಕಾಗಲಿ ಕೈತೋಟಕ್ಕಾಗಲಿ ಬಿಡಬೇಡಿರಿ. ಮನೆಯವರ ಅಂಗೈ ಅಂಗಾಲುಗಳಲ್ಲಿ ಕಾರಣವಿಲ್ಲದೆ ಗಂಟುಗಳು ಮೂಡಿದರೆ, ಮೈಮೇಲೆ ಮಳೆಹನಿಯಂತಹ ಕಲೆಗಳು ಕಂಡರೆ, ವೈದ್ಯರಿಗೆ ತೋರಿಸಿರಿ ಮತ್ತು ಕುಡಿಯುವ ನೀರಿನ ಮೂಲವನ್ನೂ ತಿಳಿಸಿರಿ.

ಬಂಗಾಳದ ರೈತರಿಗೆ ವಿಷಯ ತಿಳಿಯುವ ವೇಳೆಗೆ ಅವರ ಗದ್ದೆಗಳು ಹತ್ತಾರು ವರ್ಷ ಆ ನೀರನ್ನು ಕುಡಿದಾಗಿತ್ತು. ನಮಗೆ ಈಗಲೇ ತಿಳಿದಿದೆ. ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡುವ ಶ್ರಮ ಅತ್ಯಲ್ಪ. ಆ ಶ್ರಮವನ್ನು ವಹಿಸಿ, ಪಡೆದ ಫಲಿತಾಂಶವನ್ನು ಅಕ್ಕಪಕ್ಕದವರಿಗೂ ತಿಳಿಸಬೇಕೆಂದು ಭಕ್ತಬಾಂಧವರಲ್ಲಿ ಕೋರುತ್ತೇವೆ.